ಬಡೇಸಾಬನ ಬಿ.ಪಿ.

…ಅಲ್ಲೋ ಗುರಲಿಂಗಪ್ಪ, ‘ಬಡೇಸಾಬ, ಬಿ.ಪಿ. ಇರೂದು ನಿನಗ, ಉಪ್ಪ ಬಿಡೂದು ನಾ ಯಾಕ’ ಅಂತ ಕೇಳ್ತೀಯಲ್ಲ, ಇದು ದೋಸ್ತ ಆಡೂ ಮಾತೇನೋ? ಆಂ? ಮುಂಜಾನೆದ್ದು ಫೈವ್ ಗಾರ್ಡನ್ ಸುತ್ತ ಹೊಡದ್ವಿ, ಚಂದನ್ನ ಹವಾ ತಗೊಂಡ್ವಿ, ಹೋಟೆಲಿಗೆ ಬಂದ ಕುಂದ್ರೂದ್ರಾಗ ನಿನ್ನ ಫಿರ್ಯಾದಿ ಚಾಲೂ! ಕುಂದ್ರು. ಫ್ಯಾನಿನ ಕೆಳಗ ಬ್ಯಾಡ, ಮೈಯಾಗ ಬೆವರ ಐತಿ. ಇಲ್ಲಿ, ಕಿಡಕಿ ಕಡೆ. ಹಾಂ.

ಈಗ ನ್ಯಾಯ ಮಾಡೂಣು. ನಮ್ಮಿಬ್ಬರ ಬುತ್ತಿ ಯಾರ ಕಟ್ಟತಾರ? ನಿನ್ನ ಹೆಂಡತಿ ಶರಣವ್ವ. ನನಗ ತಂಗಿ ಆಕಿ. ಯಾಕ ಕಟ್ಟತಾಳ? ನನ್ನ ಮನ್ಯಾಕಿ ಅಖ್ತರಿ ಕೈಗೆ ಉಪ್ಪ-ಖಾರ ಇಲ್ಲದ ಅಡಗಿ ಬರಂಗಿಲ್ಲ ಅಂತ. ಮಾಂಸ ಬಿಡು ಅಂದ್ರ ಆಕಿಗೆ ಒಲಿ ಹಚ್ಚೂದ ಮರತ ಹೋಗತೈತಿ. ಅದಕ್ಕ ಪಾಪ ನಿನ್ನ ಹೆಂಡತಿ, ‘ಅಣ್ಣಾರ, ನಿಮ್ಮ ಸಪ್ಪನ ಊಟ ನಾ ಮಾಡಿಕೊಡ್ತೀನ್ರಿ’ ಅಂದ್ಲು. ಈಗ ಸ್ಟೋವಿನ ಘಾಸಲೇಟ ಎಣ್ಣಿಗೆ ರೇಶನ್ ಅಂಗಡಿ ಮುಂದ ನಮ್ಮ ಆಂಟಾಪ್ ಹಿಲ್ ಓಣಿ ಅರ್ಧಾ ಲೈನ್ ಹಚ್ಚಿ ನಿಂದರತೈತಿ. ಆಕಿ ನಿನಗೊಂದ ಗಡಗಿ ಸಾರು, ನನಗೊಂದ ಗಡಗಿ ಸಾರು ಮಾಡಬೇಕಾ? ಒಂದ ಗಡಗಿ, ಸಪ್ಪಂದು. ಇಬ್ಬರೂ ಉಣ್ಣೂದು. ಮುಗೀತು ಮುಕದ್ದಮೆ!

ನಕ್ಕಿ ನೋಡ! ನಗು. ನಗೂದೂ ನಮ್ಮ ಔಷಧದಾಗ ಬರತೈತಿ.

ಏ ಅಣ್ಣು! ಬಾರಪಾ. ಎರಡ ಪ್ಲೇಟ ಇಡ್ಲಿ. ಚಟ್ನಿ ಬ್ಯಾಡ. ಸಾಂಬಾರೂ ಬ್ಯಾಡ. ಸಕ್ಕರಿ ಹಚ್ಚಿಕೊಂಡ ತಿಂತೀವಿ. ಆಮ್ಯಾಲ ಒಂದ ಕಾಫಿ, ಇಬ್ಬರ ನಡುವ ಅರ್ಧಾ ಅರ್ಧಾ… ಯಾಕೋ ಅಣ್ಣು, ಹಂಗ ಯಾಕ ನೋಡ್ತಿ? ಉಡಪಿ ಮಂದಿಗಿ ಸಾಂಬಾರ ಬ್ಯಾಡ ಅಂದ್ರ ಅವರ ಮನಿತನಕ್ಕ ಬೈದಂಗ ಆಗತೈತೇನೋ! ಮನಸಿಗೆ ಹಚ್ಕೋಬ್ಯಾಡ. ನನಗ ಬಿ.ಪಿ. ಐತಿ. ಇವಗ? ಇವಗ ಏನೂ ಇಲ್ಲ, ಇವಾ ನನ್ನ ದೋಸ್ತಿ ಸಲುವಾಗಿ ತಿಂತಾನ. ಕಲ್ಲ ಇದ್ದಂಗ ಅದಾನ ಇವಾ. ಹೋಗ, ಬಿಸಿ ಬಿಸಿ ತಾ.

ಏನಂದಿ? ನನ್ನಂಥಾವಗ ಬಿ.ಪಿ. ಹ್ಯಾಂಗ ಬಂತು ಅಂತ ಇನ್ನೂ ನಂಬಿಕಿ ಇಲ್ಲಾ?… ಎಷ್ಟ ಸಲ ಹೇಳಬೇಕೋ ಮಾರಾಯ. ಆತು, ಇಡ್ಲಿ ಬರೂತನಕ ಮತ್ತೊಮ್ಮಿ ಹೇಳ್ತೀನಿ, ಕೇಳು.

ಮಳಿಗಾಲ. ಮುಂಬೈ ಫೋರ್ಟಿನ್ಯಾಗ ಆ ಹಳೇ ಆಫೀಸ ಬಿಲ್ಡಿಂಗು. ನೀ ನಿನ್ನ ಲಿಫ್ಟಿನ್ಯಾಗ, ನಾ ಜಿನಿ ಮೆಟ್ಟಲ ಕೆಳಗ ಸಾಹೇಬರ ಹರಿದ ಕೋಟಿಗಿ ರಫೂ ಹಾಕ್ಕೋತ ಕುಂತೀನಿ. ಇದ್ದಕ್ಕಿದ್ದಂಗ ಮ್ಯಾಲಿಂದ ಮಂದಿ ಒದರಾಟ, ‘ಲಿಫ್ಟ್‌ಮನ್ ಗಿರ್ ಗಯಾ!’ ಅಂತ. ನಾ ಸೂಜಿ ತುಟಿಯಾಗ ಹಿಡಕೊಂಡಾವ ಹಂಗ ಜಿನಿ ಏರಿದೆ. ನೋಡ್ತೀನಿ, ನೀ ಸ್ಟೂಲಿನ ಮ್ಯಾಲಿಂದ ಜರದ ಕೆಳಗ ಕುಂತೀದಿ, ಮಾರಿ ಬೂದಿ ಆಗೈತಿ, ಒಂದ ಕೈ ಮಾತ್ರ ಆ ಜಾಳಗಿ ಬಾಗಲಾ ಬಿಟ್ಟಿಲ್ಲ! ಆವತ್ತೂ ಚಿಂತಿ, ಬಾಗಲಾ ತೆರದರ ಯಾರರ ಬಿದ್ದಾರು ಅಂತ. ಬಾಜೂ ಗಲ್ಲಿ ಪಾರ್ಸಿ ಡಾಕ್ಟರ ಕಡೆ ಕರಕೊಂಡ ಹೋದೆ. ನಿನ್ನ ನೋಡಿ ಏನ ಅಂದ? ಪಿತ್ತ. ಪಿತ್ತ ನೆತ್ತಿಗೇರೈತಿ ಅಂದ. ನಿನ್ನ ಹೊರಗ ಬಾಕಿನ ಮ್ಯಾಲ ಕುಂದ್ರಸಿ ಲಿಂಬು ಪಾನಿ ಕೊಟ್ರು, ನೆನಪ ಐತಿಲ್ಲ? ಅವಾಗ ನಾ ಒಳಗ, ಹಂಗ ಮಷ್ಕಿರಿಗೆ ಕೈ ಚಾಚಿದೆ. ‘ಡಾಕ್ಟರ್ ಸಾಬ್, ನನಗೂ ಒಮ್ಮಿ ಆ ಪಟ್ಟಿ ಕಟ್ಟ್ರಿ’ ಅಂದೆ. ಕಟ್ಟಿದ. ಫುಸ್ ಫುಸ್ ಅಂತ ಗಾಳಿ ಹೊಡದ. ಹೊಡದಾವ ಕನ್ನಡಕ ಏರಸಿ ನನ್ನ ನೋಡಿದ. ‘ಅರೇ ಡಿಕ್ರಾ, ಬೀಮಾರ್ ತೋ ತೂ ಹೈ!’ ಅಂದ. ಬೀಮಾರಿ ಇವಗಲ್ಲ ಮಗನ, ನಿನಗ ಅಂತ!

ಹೌದಪಾ, ನೀ ಹುಟ್ಟಿದಾಗಿಂದ ಚಿಂತಿ ಮಾಡಾವ, ನಿನಗ ಪಿತ್ತ. ನಾ ಹುಟ್ಟಿದಾಗಿಂದ ನಗಾವ, ನನಗ ಬಿ.ಪಿ. ಅದ ನೋಡ ಕುದರತ್! ಚಿಂತಿ ಹೊರಗ ಹೇಳ್ಕೋತ ಅಡ್ಡಾಡಾವ್ರಿಗೆ ಪಿತ್ತ ಆಗತೈತಿ, ಒಳಗ ಇಟ್ಕೊಂಡಾವ್ರಿಗೆ ಬಿ.ಪಿ. ಆಗತೈತಿ. ಯಾರ ಹೇಳಿದ್ರು ಅಂದ್ರ? ಡಾಕ್ಟರ ಹೇಳಿದ. ಮತ್ತ್ಯಾರ ಹೇಳ್ತಾರ.

ಅವಾ ಹೇಳಿದ ಮಾತ ಒಂದ. ಫಿಕರ್ ಬಿಡು. ಬಿಡು ಅಂದ್ರ ಹೋಗತೈತೇನು? ಬೆಕ್ಕಿನಂಗ ಅದು, ಈ ಬಾಗಲಾ ಹಾಕಿದ್ರ ಆ ಕಿಡಕ್ಯಾಗ ಬರತೈತಿ. ಅದಕ್ಕ ದಿನಾ ಮಾಡೂ ಸಣ್ಣ ಸಣ್ಣ ಚಾಳಿ ಹಚ್ಕೋ ಅಂದ. ನಡಿ, ಹಾಡು, ಆರಾಮ ಉಸರ ಬಿಡು, ಓಡಬ್ಯಾಡ. ‘ಒಬ್ಬಾವಗ ಇವೆಲ್ಲಾ ದಕ್ಕಂಗಿಲ್ಲ, ಯಾರರ ಜೋಡಿ ಇರಲಿ’ ಅಂದ. ನನಗ ಜೋಡಿ ಅಂದ್ರ ಯಾರ ಅದಾರೋ? ಆ ಬಿಲ್ಡಿಂಗಿನ ಪಾರಿವಾಳ ಕರಕೊಂಡ ವಾಕಿಂಗ್ ಹೋಗ್ಲ್ಯಾ?

ಬಂತು ನೋಡ ಇಡ್ಲಿ. ತಿನ್ನು. ಸಾವಕಾಶ ತಿನ್ನು, ಗಾಡಿ ಏನ ತಪ್ಪಂಗಿಲ್ಲ. ಇವತ್ತ ಇತವಾರ, ಸೂಟಿ.

ಗಾಡಿ ಅಂದ ಕೂಡ್ಲೆ ನೆನಪಾತು. ಮೊದಲ ನೀ ಹ್ಯಾಂಗ ಇದ್ದಿ ಅಂದ್ರ, ವಡಾಳಾ ಸ್ಟೇಶನ್ ಇನ್ನೂ ಕಣ್ಣಿಗೆ ಬೀಳೂ ಮೊದಲ ಓಡ್ತಿದ್ದಿ. ಗಾಡಿ ಕಾಣೂದ ಬ್ಯಾಡ, ಅದರ ಸಪ್ಪಳ ಸಾಕು. ಒಮ್ಮೊಮ್ಮಿ ಅದು ಎದುರ ಕಡೆ ಹೋಗೂ ಗಾಡಿ, ಅದಕ್ಕೂ ಓಡೀದಿ! ಈಗ? ಈಗ ನಮ್ಮ ಮುಂದ ಗಾಡಿ ಹೋತಂದ್ರ ನಾವಿಬ್ಬರೂ ಕೈ ಎತ್ತಿ ಸಲಾಂ ಹೊಡೀತೀವಿ. ಹೋಗವ್ವಾ ತಾಯಿ, ನಿನ್ನ ಹಿಂದ ನಿನ್ನ ತಂಗಿ ಬರ್ತಾಳ. ಮೊದಲ ದಿನ ನೀ ಎಷ್ಟ ಒದ್ದಾಡಿದಿ! ‘ಹಾಜರಿ, ಹಾಜರಿ’ ಅಂತ ಪ್ಲಾಟ್‌ಫಾರ್ಮಿನ ಮ್ಯಾಲ ಕಾಲ ಸುಟ್ಟ ಬೆಕ್ಕಿನಂಗ. ಏನಾತು? ಏನೂ ಆಗಲಿಲ್ಲ. ಬಿಲ್ಡಿಂಗ್ ಅಲ್ಲೇ ಇತ್ತು.

ಗಾಡ್ಯಾಗ ಕುಂತ ಮ್ಯಾಲ ಮತ್ತ ನಮ್ಮ ಕಾಯದಾ. ಇದು ಡಾಕ್ಟರ ಹೇಳಿದ್ದಲ್ಲ, ಇದು ನಂದ ಸ್ವಂತ. ಚಿಂತಿ ಮಾಡಬ್ಯಾಡ ಅಂದ್ರ ನೀ ಕೇಳಾಂವಲ್ಲ, ಅದಕ್ಕ ಜಾಗಾ ಕೊಟ್ಟೆ. ಕಾಟನ್ ಗ್ರೀನ್ ಸ್ಟೇಶನ್ ಬಂತಂದ್ರ ಚಿಂತಿ ಚಾಲೂ, ಮಸ್ಜೀದ್ ಬಂತಂದ್ರ ಬಂದ್. ಅಷ್ಟರಾಗ ಲಿಫ್ಟಿನ ಹಗ್ಗದ್ದ ಮಾಡ್ತಿ ಮಾಡ್ಕೊ, ಮಗಳ ಮದುವಿದ ಮಾಡ್ತಿ ಮಾಡ್ಕೊ, ಊರಿನ ಮನಿ ಗ್ವಾಡಿದ ಮಾಡ್ತಿ ಮಾಡ್ಕೊ. ನಾ ನಡುವ ಬಾಯಿ ಹಾಕಂಗಿಲ್ಲ. ವಿ.ಟಿ.ಯಾಗ ಇಳಿಯೂ ಮುಂದ ಮಾತ್ರ ಎಲ್ಲಾ ಡಬ್ಬ್ಯಾಗ ಬಿಟ್ಟ ಇಳೀಬೇಕು. ಹೌದಿಲ್ಲ? ಮೊದಮೊದಲ ಸ್ಯಾಂಡ್‌ಹರ್ಸ್ಟ್ ರೋಡ್ ದಾಟಿದ್ರೂ ನಿನ್ನ ಚಿಂತಿ ಮುಗೀತಿರ್ಲಿಲ್ಲ. ಈಗ? ಮೊನ್ನೆ ಮರು ಸ್ಟೇಶನ್ನಿಗೇ, ರೇ ರೋಡಿನ್ಯಾಗನ ಸುಮ್ಮನಾದಿ. ‘ಯಾಕೋ?’ ಅಂದೆ. ‘ಸ್ಟಾಕ್ ಮುಗೀತು’ ಅಂದಿ! ನಾ ನಕ್ಕಿದ್ದಕ್ಕ ಆ ಬಾಜೂ ಕುಂತ ಗುಜರಾತಿ ಸೇಠ ಎದ್ದ ಬ್ಯಾರೆ ಕಡೆ ಹೋದ.

ಅದ ಸ್ಕೈಲ್ಯಾಬ್ ಟೈಮಿಗೆ ಈ ಕಾಯದಾ ಇದ್ದಿದ್ರ! ಯಪ್ಪಾ! ಆಕಾಶದಿಂದ ಅದು ಬೀಳತೈತಿ ಅಂತ ರೇಡಿಯೋದಾಗ ಬಂದ ದಿನದಿಂದ ನೀ ಏನ ಸೊರಗಿದಿ! ಇಡೀ ದುನಿಯಾ ಬಿಟ್ಟು, ಮುಂಬೈ ಬಿಟ್ಟು, ನೆಟ್ಟಗ ಬಂದು ನಿನ್ನ ಲಿಫ್ಟಿನ ಮ್ಯಾಲ ಬೀಳಾಕ ಅದಕ್ಕೇನ ನಿನ್ನ ಅಡ್ರೆಸ್ ಕೊಟ್ಟಿದ್ರೇನೋ ಅಮೇರಿಕಾದವ್ರು? ಬಿತ್ತಿಲ್ಲೋ ಎಲ್ಲೋ ಸಮುದ್ರದಾಗ. ಅದು ಬಿದ್ದ ದಿನ ನೀ ಏನ ಅಂದಿ ಹೇಳ್ಲ್ಯಾ? ‘ಈಗ ಮೀನುಗಾರರ ಗತಿ ಏನು?’ ಅಂದಿ!

ಇಲ್ಲಿಲ್ಲ, ಚಾಷ್ಟಿ ಅಲ್ಲ. ನಿನ್ನ ಅಂತಃಕರಣ ದೊಡ್ಡದು ಅಂತ ಹೇಳಾಕತ್ತೀನಿ. ಆದ್ರ ಎದಿ ಸಣ್ಣದ ಐತಲ್ಲೋ, ಇಷ್ಟ ಮಂದಿನ ಹಿಡಸೂದಿಲ್ಲ ಅದರಾಗ… ಅಂದ್ರ, ಎಲ್ಲಾರ ಎದಿನೂ. ಮನಶ್ಯಾನ ಎದಿ ಅಂದೆ.

ಮತ್ತ ಆ ಉಸರಿಂದು! ಮ್ಯಾಲ ಹೋಗೂ ಮುಂದ ಉಸರ ಎಳಕೋ, ಕೆಳಗ ಬರೂ ಮುಂದ ಬಿಡು, ಲಿಫ್ಟಿನ್ಯಾಗ ನಿಂತಲ್ಲೇ ಯೋಗಾಸನ ಆಗತೈತಿ ಅಂತ ನಾ ಹೇಳಿದ್ರ, ನೀ ಗ್ರೌಂಡ್ ಫ್ಲೋರಿನ್ಯಾಗ ಎಳಕೊಂಡಾವ ಎಲ್ಲಾಕಿಂತ ಮ್ಯಾಲಿನ ಗಚ್ಚಿ ತನಕ ಬಿಡಲೇ ಇಲ್ಲ! ಗಲ್ಲ ಉಬ್ಬಿ, ಕಣ್ಣ ಗುಡ್ಡಿ ಹೊರಗ ಬಂದು… ಆ ಟೈಪಿಸ್ಟ್ ಬಾಯಿ ಅಂಜಿ ನಡುವ ಇಳದ ಓಡಿದ್ಲಲ್ಲೋ! ಹಹ್ಹಾ! ಆಮ್ಯಾಲ ಒಂದೊಂದ ಮಾಳಿಗಿಗೆ ಒಂದೊಂದ ಉಸರು ಅಂತ ತಿದ್ದಿ ಕೊಟ್ಟೆ. ಈಗ ಚಂದ ಕೂಡೇತಿ. ನಾನೂ ಸೂಜ್ಯಾಗ ದಾರ ಪೋಣಸೂ ಮುಂದ ಹಂಗ ಮಾಡ್ತೀನಿ, ಕೈ ನಡಗಂಗಿಲ್ಲ.

ಪೇಪರ್ ಮುಂಜಾನೆ ಓದೂದ ಬಿಡಸಿದೆ. ಸಂಜಿಕೆ ಓದಿದ್ರ ಸುದ್ದಿ ಆರಿರತೈತಿ, ನಾಲಗಿ ಸುಡಂಗಿಲ್ಲ. ರಾತ್ರಿ ಊಟ ಆದ ಮ್ಯಾಲ ಗ್ಯಾಲರ್ಯಾಗ ಕುಂತ ನೀ ನಿಮ್ಮ ಭಜನಿ ಪದ, ನಾ ನಮ್ಮ ಮೊಹರಮ್ಮಿನ ರಿವಾಯತ ಪದ. ಚಾಳಿನ ಮಂದಿ ಮೊದಲ ಬೈತಿದ್ರು. ಈಗ ಒಂದ ದಿನ ಹಾಡಲಿಲ್ಲ ಅಂದ್ರ ‘ಏನಾತ್ರಿ, ಆರಾಮಿಲ್ಲೇನ್ರಿ?’ ಅಂತ ಕೇಳ್ತಾರ. ನಿನಗ ನಿದ್ದಿ ಎಷ್ಟ ಚಲೋ ಹತ್ತಾಕತ್ತೈತಿ! ಗೊರಕಿ ಗ್ವಾಡಿ ದಾಟಿ ಬರತೈತಿ ಅಂತ. ಶರಣವ್ವ ಎಷ್ಟ ಖುಷಿಲೆ ಹೇಳಿದ್ಲು ಗೊತ್ತೇನು, ‘ಅಣ್ಣಾರ, ಬಾಳ ದಿನದ ಮ್ಯಾಲ ಗೊರಕಿ ಹೊಡದಾರ್ರಿ’ ಅಂತ ಕಣ್ಣೀರ ತಂದ್ಲು…

ಆಂ? ನನ್ನ ಮುಂದ ಯಾಕ ಹೇಳಿದ್ಲು? ಹಂಗ… ನಳದ ಕಡೆ ನಿಂತಾಗ ಮಾತಿಗೆ ಮಾತ ಬಂತು. ಗೊರಕಿ ಅಂದ್ರ ಎಲ್ಲಾರೂ ಮಾತಾಡಿಕೊಳ್ಳೂ ವಿಷಯನ ಅದು.

ತಿನ್ನೋ, ಯಾಕ ಕೈ ಬಿಟ್ಟಿ? ಏನ ನೋಡಾಕತ್ತಿ ನನ್ನ ಮಾರಿ?… ಸಣ್ಣ ಆಗೇನಿ? ಆಗೂದು ಚಲೋ ಅಲ್ಲೇನು! ಡಾಕ್ಟರ ಅದನ್ನ ಹೇಳಿದ್ದು. ಕಿಂಗ್ಸ್ ಸರ್ಕಲ್ಲಿನ್ಯಾಗ ರಸ್ತಾ ದಾಟೂ ಮುಂದ ನಿಂತಿದ್ದಾ? ಇಲ್ಲೋ, ದಮ್ಮ ಹತ್ತಿದ್ದಲ್ಲ, ನನ್ನ ಚಪ್ಪಲಿ ಅಂಗುಟ ಜರದಿತ್ತು. ನೀನೂ ನಿಂತಿದ್ದಿ, ನಿನಗೂ ದಮ್ಮ ಹತ್ತಿತ್ತು, ನಾ ಕೇಳಿದೆನೇನು?… ಅಂದ್ರ, ಎಲ್ಲಾರಿಗೂ ಹತ್ತತೈತಿ ಬಿಡು. ಥಂಡಿ ಹವಾ.

ಏನದು? ಕಿಸೆದಾಗ ಏನ ಹುಡಕಾಕತ್ತಿ? ಬೆಂಕಿಪೆಟ್ಟಿಗಿ? ಮತ್ತ ಬೀಡಿ ಚಾಲೂ ಮಾಡಿದ್ಯೇನಲೇ? ಕೊಡಿಲ್ಲೆ… ಇದು… ಕಡ್ಡಿ ಅಲ್ಲ ಇವು. ಗುಳಿಗಿ. ಇವು ಶರಣವ್ವ ನಿನಗ ದಿನಾ ಮುಂಜಾನೆ ಕೊಡೂ ತಾಕತ್ತಿನ ಗುಳಿಗಿ. ಪೆಟ್ಟಿಗ್ಯಾಗ ಯಾಕ ಅದಾವು?

ನನಗಾ?

ನನ್ನ ಸಲುವಾಗಿ ಉಳಸಿ ಇಟ್ಟೀದಿ? ನಾ ಸಣ್ಣ ಆಗೇನಿ ಅಂತ, ಬೀಮಾರಿ ಮನಶ್ಯಾ ನಾ, ತಾಕತ್ತು ನನಗ ಬೇಕು ಅಂತ… ಆಕಿ ಆ ಕಡೆ ತಿರಗಿದ ಕೂಡ್ಲೆ ಬಾಯಾಗಿಂದ ತಗದ… ಹುಚ್ಚಪ್ಪಾ. ಹುಚ್ಚಪ್ಪಾ ನೀ. ಎಷ್ಟ ದಿನಾತು? ಯಾವಾಗಿಂದ ತಗೊಂಡಿಲ್ಲ ನೀ? ಗುರಲಿಂಗಪ್ಪ, ಕೇಳಿದ್ದಕ್ಕ ಜವಾಬ ಕೊಡು, ನಗಬ್ಯಾಡ!

ಹೋದ ಇತವಾರದಿಂದ?!

ಲೇ, ತಲಿ ಗಿಲಿ ಕೆಟ್ಟೈತೇನಲೇ ನಿನಗ! ಒಂದ ದಿನಾನೂ ಬಿಡಬ್ಯಾಡ ಅಂದಾನ ಡಾಕ್ಟರ! ಒಂದ ದಿನಾ! ಬಿಟ್ರ ಯಾವಾಗ ಏನ ಆಗತೈತಿ ಹೇಳಾಕ ಬರಂಗಿಲ್ಲ, ಲಿಫ್ಟಿನ್ಯಾಗ ಆದೀತು, ರಸ್ತಾದಾಗ ಆದೀತು, ಅರ್ಧಾ ಮೈ ಬಿದ್ದ ಹೋದೀತು ಅಂತ ನನ್ನ ರಟ್ಟಿ ಹಿಡದ ಹೇಳ್ಯಾನ! ವಾರ ಆತಲ್ಲೋ! ಆ ಸುಡಗಾಡ ರಸ್ತಾ ದಾಟೂ ಮುಂದ ನಿನ್ನ ಮಾರಿ ಕೆಂಪಗ ಆಗಿದ್ದ ನೋಡೇ ನಾ ನಿಂತೆ, ಚಪ್ಪಲಿ ಅಂತ ಸುಳ್ಳ ಹೇಳಿ ನಿಂತೆ, ನೀ ನೋಡಿದ್ರ…

…

ಅಂದ್ರ… ತಾಕತ್ತು. ತಾಕತ್ತು ಕಡಿಮಿ ಆದ್ರ ಹಂಗ ಆಗತೈತಿ ಅಂತ. ಪಿತ್ತದಾವ್ರಿಗೆ.

ಯಾಕ ಹಂಗ ನೋಡ್ತಿ?

ಗುರಲಿಂಗ.

ಏನರ ಮಾತಾಡೋ. ಬೈಯಿ. ಬೈಯಲೇ. ನನ್ನ ರಟ್ಟಿ ಯಾಕ ಹಿಡದಿ? ಪಟ್ಟಿ ಕಟ್ಟಿದ್ದು ಈ ಕೈಗೇನು ಅಂತಾ?

…ಹೂಂ. ಪಟ್ಟಿ ನನ್ನ ಕೈಗೆ ಕಟ್ಟಲೇ ಇಲ್ಲ. ನಾ ಕೈ ಚಾಚಲೂ ಇಲ್ಲ. ಅವಾ ನಿನ್ನ ಹೊರಗ ಕಳಿಸಿ ಬಾಗಲಾ ಮುಚ್ಚಿದ. ‘ಇವನ ಮನ್ಯಾವ್ರು ಯಾರು?’ ಅಂದ. ನಾನ ಅಂದೆ. ಮತ್ತ ಏನ ಹೇಳಬೇಕಿತ್ತು? ನನ್ನ ಹೆಸರ ಕೇಳಿದ, ಚೀಟ್ಯಾಗ ನಿನ್ನ ಹೆಸರ ನೋಡಿದ, ಮತ್ತ ನನ್ನ ಮಾರಿ ನೋಡಿದ. ಆಮ್ಯಾಲ ಎಲ್ಲಾ ಹೇಳಿದ.

ನಿನಗ ಹ್ಯಾಂಗ ಹೇಳ್ಲೋ? ನಿಮ್ಮಣ್ಣನ ಸುದ್ದಿ ನೀನ ನನ್ನ ಮುಂದ ಎಷ್ಟ ಸಲ ಹೇಳೀದಿ. ವಿಜಾಪುರದಾಗ ಡಾಕ್ಟರ ‘ಎದಿ ಕೆಟ್ಟೈತಿ’ ಅಂದ ದಿನದಿಂದ ಹೊರಸಿನ ಮ್ಯಾಲ ಮಲಗಿದಾವ ಏಳಲೇ ಇಲ್ಲ, ರೋಗ ತಿಂದದ್ದಕ್ಕಿಂತ ಅಂಜಿಕಿ ತಿಂದದ್ದ ಹೆಚ್ಚ ಅಂತ. ‘ನನಗ ಅಂಥಾದ ಬಂದ್ರ ಹೇಳಬ್ಯಾಡ್ರಿ, ನಾ ನಮ್ಮಣ್ಣನಂಗ ಅಂಜಿ ಸಾಯ್ತೀನಿ’ ಅಂದಾವ ನೀನು. ಸ್ಕೈಲ್ಯಾಬಿಗೆ ಅನ್ನ ಬಿಟ್ಟಾವಗ ಇದನ್ನ ಹ್ಯಾಂಗ ಹೇಳೂದು? ಶರಣವ್ವಗ ಹೇಳಿದೆ. ಆಕಿ ಸೆರಗ ಬಾಯಾಗ ತುರಕೊಂಡ ಅತ್ಲು, ಆಮ್ಯಾಲ ಕಣ್ಣ ಒರಸಿಕೊಂಡ ‘ಉಪ್ಪ ಹ್ಯಾಂಗ ಬಿಡಸೂದ್ರಿ?’ ಅಂದ್ಲು. ಅವಾಗ ನನಗ ಹೊಳೀತು, ಬೀಮಾರಿ ನನಗ ಬಂದೈತಿ ಅಂದ್ರಾತು ಅಂತ. ನಿನ್ನ ಸಲುವಾಗಿ ಅಂದ್ರ ನೀ ಒಂದೂ ಮಾಡಾಂವಲ್ಲ. ನನ್ನ ಸಲುವಾಗಿ ಅಂದ್ರ ಎಲ್ಲಾ ಮಾಡ್ತಿ. ಮಾಡಿದಿ.

ಅಖ್ತರಿಗಾ? ಇಲ್ಲ. ಆಕಿಗೆ ಹೇಳಿದ್ರ ಆಂಟಾಪ್ ಹಿಲ್ಲಿಗೆ ಹೇಳಿದಂಗ. ನನಗ ಖರೇನ ಬಿ.ಪಿ. ಅಂತ ನಂಬ್ಯಾಳ. ತಾಯ್ತ ಕಟ್ಟ್ಯಾಳ ರಟ್ಟಿಗಿ… ಅಳ್ತಾಳ ಒಮ್ಮೊಮ್ಮಿ. ಹೌದು, ಹೇಳಬೇಕು. ಹೇಳ್ತೀನಿ. ನೀ ಈಗ ಆಕಿ ಚಿಂತಿ ಹಚ್ಕೋಬ್ಯಾಡ! ನೋಡ್ ನೋಡ್, ತನ್ನ ತಲಿ ಮ್ಯಾಲ ಮಾಳಿಗಿ ಬಿದ್ರೂ ಬಾಜೂ ಮನಿ ಗ್ವಾಡಿ ನೋಡಾವ!

ಅಲ್ಲೋ, ಈಗ ಏನ ಆಗೈತಿ? ಹೇಳು. ಆವತ್ತಿನ ಗುರಲಿಂಗಪ್ಪ ಎಲ್ಲಿ, ಇವತ್ತಿನಾವ ಎಲ್ಲಿ. ಫೈವ್ ಗಾರ್ಡನ್ ಸುತ್ತಿ ಬಂದೀದಿ, ಗೊರಕಿ ಹೊಡೀತಿ, ರೇ ರೋಡಿಗೆ ಸ್ಟಾಕ್ ಮುಗಸ್ತಿ. ಹೋದ ತಿಂಗಳ ‘ಪಿತ್ತ ನೋಡಿಸಿಕೊಂಡ ಬರೂಣು’ ಅಂತ ಕರಕೊಂಡ ಹೋದೆನಲ್ಲ, ಅವಾಗ ಡಾಕ್ಟರ ಏನ ಅಂದ ಗೊತ್ತೇನು? ಇಳದೈತಿ ಅಂದ. ಚಲೋ ಇಳದೈತಿ, ಹಿಂಗ ನಡಸು ಅಂದ. ನನ್ನ ಬೆನ್ನ ಚಪ್ಪರಿಸಿದ. ಖುಷಿಗೆ ನಿನ್ನ ತಬ್ಬಿಕೊಳ್ಳೂಣು ಅನಿಸಿತ್ತು, ಏನ ಕಾರಣ ಹೇಳಿ ತಬ್ಬಿಕೊಳ್ಳಲಿ? ಸುಮ್ಮನ ಬಂದೆ. ಬೀಮಾರಿ ಹೆಸರ ಗೊತ್ತಿಲ್ಲದ ಇಷ್ಟ ದಿನ ನಡದೀದಿ. ಹೆಸರ ಗೊತ್ತಾತು ಅಂತ ಇವತ್ತ ಕಾಲ ಸೋಲಬೇಕೇನು?

ಏನಂದಿ? ಸಾವಕಾಶ ಹೇಳು, ಕೇಳಲಿಲ್ಲ.

ಎಷ್ಟ ಇತ್ತು?

ಆವತ್ತ ಎಷ್ಟ ಇತ್ತು ಅಂತ ಕೇಳ್ತೀಯಾ… ನಂಬರಾ?

ಇಲ್ಲ. ಅದು ಹೇಳಂಗಿಲ್ಲ. ಬೇಕಾದ್ರ ಹೊಡಿ, ಬೇಕಾದ್ರ ಮಾತ ಬಿಡು, ಹೇಳಂಗಿಲ್ಲ. ನಂಬರ ನಾ ನುಂಗೀನಿ, ನೀ ಗುಳಿಗಿ ನುಂಗು. ಒಂದ. ಒಂದ ಸಾಕು. ಹೋದ ವಾರದ್ದೆಲ್ಲಾ ಕೂಡಿಸಿ ತಗೋಬ್ಯಾಡ. ನಾಳೆ ಮುಂಜಾನೆ ಡಾಕ್ಟರ ಕಡೆ ಹೋಗಿ ಕೇಳೂಣು, ಇಬ್ಬರೂ ಒಳಗ ಹೋಗೂಣು.

ತಗೋ.

ನೀರ ಕುಡಿ. ಇನ್ನೊಂದ ಗುಟಕ… ಇಳೀತಾ? ಬಾಯಿ ತೆಗಿ. ತೆಗಿಯೋ, ನಾಚಕೀ ಬ್ಯಾಡ, ಒಮ್ಮಿ ಮೋಸ ಹೋಗೇನಿ. ನಾಲಗಿ ಎತ್ತು… ಹಾಂ.

ಹಾಂ… ಆತು.

ಏ ಅಣ್ಣು… ನೀರ ತಾರೋ ಇನ್ನೊಂದ ಗ್ಲಾಸ. ಇಲ್ಲ, ಅವಂದ ಆತು. ನನಗ.